ಸೋತ ಮೇಲೆ ಬಂದ 615 ಕೋಟಿ: ಚಂದ್ರಯಾನ-2ರಿಂದ ಚಂದ್ರಯಾನ-3ರವರೆಗಿನ ಒಂದು ಪ್ರಕರಣ ಅಧ್ಯಯನ

2019ರ ಸೆಪ್ಟೆಂಬರ್ 7. ಬೆಳಗಿನ ಜಾವ ಎರಡು ಗಂಟೆ ಆಗುತ್ತಾ ಬಂದಿತ್ತು. ದಾಸರಹಳ್ಳಿಯ ನಮ್ಮ ಮನೆಯಲ್ಲಿ ಟಿವಿ ಮುಂದೆ ನಾಲ್ಕು ಜನ ಕೂತಿದ್ದೆವು. ಪರದೆಯ ಮೇಲೆ ಒಂದು ಕೆಂಪು ಗೆರೆ, ಗುಡ್ಡದ ಇಳಿಜಾರಿನ ಹಾಗೆ ಬಾಗಿಕೊಂಡು ಕೆಳಗೆ ಬಂದಿತ್ತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಾದ ದಾರಿ ಅದು. ಅದೇ ದಾರಿ ಹಿಡಿದು ಹಸಿರು ಗುರುತೊಂದು ಇಳಿಯುತ್ತಿತ್ತು. 1 ಗಂಟೆ 38 ನಿಮಿಷಕ್ಕೆ ಶುರುವಾದ ಇಳಿತ. ಮೊದಲ ಹತ್ತು ನಿಮಿಷ ಹಸಿರು ಕೆಂಪನ್ನು ಬಿಟ್ಟು ಹೋಗಲಿಲ್ಲ. ಆಮೇಲೆ ಸ್ವಲ್ಪ ಪಕ್ಕಕ್ಕೆ ವಾಲಿತು. ಆಮೇಲೆ ಅಲ್ಲೇ ನಿಂತುಬಿಟ್ಟಿತು.

ಯಾರೂ ಮಾತಾಡಲಿಲ್ಲ. ನೌಕೆಗಳ ಮೇಲೆ ಕಣ್ಣಿಡುವ ಇಸ್ರೋದ ಪೀಣ್ಯದ ಇಸ್ಟ್ರಾಕ್ ಕೇಂದ್ರದಲ್ಲೂ ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಮನೆಯಿಂದ ಬೈಕಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೇ ಸಿಗುವ ಜಾಗ ಅದು. ಅಲ್ಲಿ ಕೂತವರ ಮುಖ ನೋಡಿದ ಮೇಲೆ ನಮಗೆ ಲೆಕ್ಕ, ಗ್ರಾಫ್ ಏನೂ ಬೇಕಾಗಲಿಲ್ಲ. ಕೊನೆಗೆ ಇಸ್ರೋ ಅಧ್ಯಕ್ಷ ಕೆ. ಶಿವನ್ ಮೈಕ್ ಹಿಡಿದರು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ತಪ್ಪಿದೆ, ಮಾಹಿತಿ ನೋಡುತ್ತಿದ್ದೇವೆ ಎಂದರು.

ಆಗ ನಮ್ಮತ್ತೆ ಎರಡು ಪ್ರಶ್ನೆ ಕೇಳಿದರು. ಚಳ್ಳಕೆರೆಯವರು, ಕಣ್ಣಿನ ಆಪರೇಷನ್‌ಗೆ ಅಂತ ಬೆಂಗಳೂರಿಗೆ ಬಂದಿದ್ದರು. ಪಟ್ಟಿ ಕಟ್ಟಿದ ಕಣ್ಣು ಒಂದು ಕಡೆ, ಟಿವಿ ನೋಡುವ ಕಣ್ಣು ಇನ್ನೊಂದು ಕಡೆ. "ಅಲ್ಲಪ್ಪ, ಎಷ್ಟು ದುಡ್ಡು ಹೋತು?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತೆ ಮಾಡ್ತಾರಾ?"

ಈ ಬರಹ ಆ ಎರಡು ಪ್ರಶ್ನೆಗಳ ಸುತ್ತಲೇ ಇದೆ. ಸೋತ ಯೋಜನೆಗೆ ನಾಲ್ಕೇ ತಿಂಗಳಲ್ಲಿ ಇನ್ನೊಂದು ಸಲ ದುಡ್ಡು ಹೇಗೆ ಸಿಕ್ಕಿತು? ಕೊಟ್ಟ ಜನಕ್ಕೆ ಅದರ ಲೆಕ್ಕ ಎಷ್ಟರಮಟ್ಟಿಗೆ ಸಿಕ್ಕಿತು? ಬಾಹ್ಯಾಕಾಶಕ್ಕೆ ಜನ ಕೊಡುವ ಬೆಂಬಲ ಅಂದರೆ ಏನು ಅಂತ ತಿಳಿಯೋಕೆ ನಾನು ಕಂಡಂತೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಪ್ರಕರಣ ಇನ್ನೊಂದಿಲ್ಲ.

ಎಷ್ಟು ಹೋಯಿತು

ಚಂದ್ರಯಾನ-2ರ ಒಟ್ಟು ಖರ್ಚು 978 ಕೋಟಿ ರೂಪಾಯಿ. ಅದರಲ್ಲಿ ಚಂದ್ರನನ್ನು ಸುತ್ತುವ ಆರ್ಬಿಟರ್, ಇಳಿಯುವ ಲ್ಯಾಂಡರ್, ನೆಲದ ಮೇಲೆ ಓಡಾಡುವ ರೋವರ್ ಮತ್ತು ಅವಕ್ಕೆ ಬೇಕಾದ ವ್ಯವಸ್ಥೆಗೆ 603 ಕೋಟಿ, ರಾಕೆಟ್ಟಿಗೆ 375 ಕೋಟಿ. ತಲೆಗೆ ಹಂಚಿದರೆ ಏಳು ರೂಪಾಯಿ ಚಿಲ್ಲರೆ. ಅತ್ತೆಗೆ ಅವತ್ತು ಹೀಗೇ ಹೇಳಿದೆ. "ಅಷ್ಟೇನಾ?" ಅಂದರು. ಆದರೆ ನಾನು ಹೇಳಿದ್ದು ಪೂರ್ತಿ ಸರಿಯಿರಲಿಲ್ಲ. ಆ 978 ಕೋಟಿಯಲ್ಲಿ ಎಲ್ಲವೂ ಹೋಗಿರಲಿಲ್ಲ. ಆರ್ಬಿಟರ್ ಚಂದ್ರನ ಸುತ್ತ ಚೆನ್ನಾಗಿ ಸುತ್ತುತ್ತಲೇ ಇತ್ತು. ಮುಂದೆ ಈ ಆರ್ಬಿಟರ್‌ನಿಂದಲೇ ಇಡೀ ಕಥೆ ತಿರುಗಿತು. ಆ ರಾತ್ರಿ ನಮಗೆ ಅದು ಹೊಳೆಯಲೇ ಇಲ್ಲ.

ದುಡ್ಡಿಗಿಂತ ಜಾಸ್ತಿ ಹೋಗಿದ್ದು ಕಾಲ. ಚಂದ್ರಯಾನ-2ಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2008ರ ಸೆಪ್ಟೆಂಬರ್ 18ರಂದು. ಆಗ ಚಂದ್ರಯಾನ-1 ಇನ್ನೂ ಹಾರಿರಲೇ ಇಲ್ಲ. ಲ್ಯಾಂಡರ್ ಕೊಡುವುದು ರಷ್ಯಾ ಅಂತ ಮಾತಾಗಿತ್ತು. 2011ರಲ್ಲಿ ಮಂಗಳನ ಕಡೆ ಹೊರಟಿದ್ದ ರಷ್ಯಾದ ಫೋಬೋಸ್-ಗ್ರಂಟ್ ನೌಕೆ ಕೆಟ್ಟು ಕೂತಿತು. ಅಲ್ಲಿಂದ ತಡವಾಗುತ್ತಾ ಹೋಗಿ ಕೊನೆಗೆ ಲ್ಯಾಂಡರನ್ನೂ ನಾವೇ ಮಾಡಿಕೊಳ್ಳೋಣ ಅನ್ನುವ ತೀರ್ಮಾನಕ್ಕೆ ಇಸ್ರೋ ಬಂತು. ಅಂದರೆ ಆ ಹಸಿರು ಗುರುತಿನ ಹಿಂದೆ ಹನ್ನೊಂದು ವರ್ಷದ ಕೆಲಸ ಇತ್ತು. ಜುಲೈ 15ರಂದು ಹಾರಬೇಕಿದ್ದ ರಾಕೆಟ್ಟನ್ನು ಇನ್ನು 56 ನಿಮಿಷ ಇದೆ ಅನ್ನುವಾಗ ನಿಲ್ಲಿಸಿ, ತೊಂದರೆ ಸರಿಮಾಡಿ, ಒಂದೇ ವಾರದಲ್ಲಿ, ಜುಲೈ 22ಕ್ಕೆ ಹಾರಿಸಿದ್ದರು.

ಮಾರನೇ ದಿನ

ಬೆಳಿಗ್ಗೆ ಪ್ರಧಾನಿ ಮತ್ತೆ ಇಸ್ಟ್ರಾಕ್‌ಗೆ ಬಂದರು. ಮಾತಾಡಿ ಹೊರಡುವಾಗ ಶಿವನ್ ಅತ್ತರು, ಪ್ರಧಾನಿ ಅವರನ್ನು ಅಪ್ಪಿಕೊಂಡರು. ಆ ದೃಶ್ಯ ನೋಡದವರು ಕಡಿಮೆ.

ನಾನು ಎಂಟೂವರೆಗೆ ನಮ್ಮ ರಸ್ತೆಯ ದರ್ಶಿನಿಗೆ ಹೋದೆ. ಅಲ್ಲಿ ಬೇರೆ ಮಾತೇ ಇರಲಿಲ್ಲ. ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರೇ ಜಾಸ್ತಿ ಬರುವ ಹೋಟೆಲ್. ಲೇತ್ ಕೆಲಸದವರು, ವೆಲ್ಡರ್‌ಗಳು, ಟೂಲ್‌ರೂಮಿನವರು. ಒಬ್ಬರು ಇಡ್ಲಿ ಮುರಿಯುತ್ತಾ, "ಮೊದಲನೇ ಪೀಸ್ ಸರಿ ಬರಲ್ಲ ಸಾರ್. ಡ್ರಾಯಿಂಗ್ ಎಷ್ಟು ಚೆನ್ನಾಗಿದ್ರೂ ಬರಲ್ಲ. ಎರಡನೇದರಲ್ಲಿ ಸರಿ ಮಾಡ್ತೀವಿ" ಅಂದರು. ಪಕ್ಕದವರು ಒಪ್ಪಲಿಲ್ಲ. "ನಮ್ಮ ಏರಿಯಾದಲ್ಲಿ ರೋಡ್ ಇಲ್ಲ, ಚಂದ್ರನ ಮೇಲೆ ಹಳ್ಳ ನೋಡೋಕೆ ಹೋಗ್ತಾರೆ" ಅಂದರು. ಇಬ್ಬರೂ ಮನಸ್ಸಿಟ್ಟೇ ಹೇಳಿದ ಮಾತು. ಎರಡನೆಯವರ ಮಾತನ್ನು ಸುಮ್ನೆ ತಳ್ಳಿಹಾಕುವುದು ನನಗೆ ಇಷ್ಟ ಇಲ್ಲ. ಮುಂದೆ ಅದಕ್ಕೆ ಬರುತ್ತೇನೆ.

ಆದರೆ ಅವತ್ತು ಹೆಚ್ಚಿನವರು ಮೊದಲನೆಯವರ ಕಡೆ ಇದ್ದರು. ಇದು ಬರೀ ದೇಶಾಭಿಮಾನ ಅಂದುಕೊಂಡರೆ ಅರ್ಧ ಮಾತ್ರ ಸರಿ. ಜನ ಆ ಇಳಿತವನ್ನು ಲೈವ್ ನೋಡಿದ್ದರು. ಗೆದ್ದ ಮೇಲೆ ತೋರಿಸೋಣ ಅಂತ ಯಾರೂ ಮುಚ್ಚಿಡಲಿಲ್ಲ. ರಸಪ್ರಶ್ನೆಯಲ್ಲಿ ಗೆದ್ದ ಶಾಲಾ ಮಕ್ಕಳನ್ನು ದೇಶದ ಮೂಲೆ ಮೂಲೆಯಿಂದ ಕರೆಸಿ ಇಸ್ಟ್ರಾಕ್‌ನಲ್ಲೇ ಕೂರಿಸಿದ್ದರು. ಆ ಮಕ್ಕಳ ಮುಂದೆಯೇ ಸೋತರು. ಕಣ್ಣೆದುರು ಸೋತವರನ್ನು ಬೈಯೋಕೆ ಬಾಯಿ ಬರುವುದಿಲ್ಲ, ಅಲ್ವಾ?

ಇನ್ನೊಂದು ಕಾರಣ ಹಳೆಯದು. ಬೆಂಗಳೂರಿನ ಈ ಭಾಗಕ್ಕೆ ಇಸ್ರೋ ದೂರದ ಸಂಸ್ಥೆ ಅಲ್ಲ. 1970ರ ದಶಕದಲ್ಲಿ ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್ ತಮ್ಮ ಹುಡುಗರನ್ನು ಕಟ್ಟಿಕೊಂಡು ಆರ್ಯಭಟ ಉಪಗ್ರಹ ಮಾಡಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ಕ್ಕೆ ಅದು ಹಾರಿತು. ಅದೇ ವರ್ಷ ಆಗಸ್ಟ್‌ನಲ್ಲಿ, ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳಿಗೆ ಅದು ಬಂತು. ಬೇಸಾಯ, ಆರೋಗ್ಯ, ಶಾಲೆ ಮಕ್ಕಳ ಪಾಠ ಎಲ್ಲ ಕನ್ನಡದಲ್ಲಿ. ಬೆಂಗಳೂರಿನಲ್ಲೇ ಟಿವಿ ಇಲ್ಲದ ಕಾಲ ಅದು. ಉಪಗ್ರಹ ಅಂದರೆ ಏನೋ ಉಪಯೋಗ ಇದೆ ಅನ್ನುವ ನಂಬಿಕೆ ಅಂಥ ಕಡೆ ಹುಟ್ಟಿತು. 1999ರ ಒಡಿಶಾ ಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತವೂ ಬಹಳ ಜೋರಾಗಿ ಬಂದಾಗ ಸತ್ತವರು ಐವತ್ತರ ಒಳಗೆ. ಮುನ್ಸೂಚನೆ ಸಿಕ್ಕಿತ್ತು, ಜನರನ್ನು ಮೊದಲೇ ಜಾಗ ಖಾಲಿ ಮಾಡಿಸಿದ್ದರು. ಆ ಮುನ್ಸೂಚನೆಯಲ್ಲಿ ಉಪಗ್ರಹಗಳ ಪಾಲೂ ಇತ್ತು.

ಚಂದ್ರನ ಮೇಲೆ ಇಳಿಯುವುದರಿಂದ ಚಂಡಮಾರುತ ಗೊತ್ತಾಗುವುದಿಲ್ಲ, ನಿಜ. ಎರಡೂ ಬೇರೆ ಕೆಲಸ. ಆದರೆ ಜನ ಇವನ್ನು ಬೇರೆ ಬೇರೆ ಖಾತೆಯಲ್ಲಿ ಬರೆದಿಡಲಿಲ್ಲ. ಒಂದರಲ್ಲಿ ಗಳಿಸಿದ ನಂಬಿಕೆ ಇನ್ನೊಂದರಲ್ಲಿ ಸೋತಾಗ ಆಸರೆ ಆಯಿತು.

ಹೇಳಿದ್ದು, ಹೇಳದೆ ಉಳಿದಿದ್ದು

ಇಲ್ಲಿಂದ ಮುಂದೆ ನನಗೆ ಬೇಸರ ಆದ ಭಾಗ. ನಾನು ಇಸ್ರೋವನ್ನು ಪ್ರೀತಿಸುವವನು, ಅದಕ್ಕೇ ಹೇಳಬೇಕು ಅನಿಸುತ್ತದೆ.

ಆ ರಾತ್ರಿ ಅಷ್ಟು ತೆರೆದು ತೋರಿಸಿದವರು, ಆಮೇಲೆ ಬಾಯಿ ಬಿಗಿಹಿಡಿದರು. ಸೆಪ್ಟೆಂಬರ್ ಇನ್ನೂ ಮುಗಿದಿರಲಿಲ್ಲ, ಆಗಲೇ ಶಿವನ್ ಈ ಯೋಜನೆ ಶೇಕಡಾ 98ರಷ್ಟು ಯಶಸ್ಸು ಎಂದರು. ಆರ್ಬಿಟರ್ ಲೆಕ್ಕ ಹಿಡಿದು ಹೇಳಿದ ಮಾತು ಇರಬಹುದು. ಆದರೆ ಇಳಿತ ನೋಡೋಕೆ ರಾತ್ರಿ ಎದ್ದು ಕೂತವರಿಗೆ ಅದು ಹಿಡಿಸಲಿಲ್ಲ. ಸೋತಿದ್ದನ್ನು ಕಣ್ಣಾರೆ ನೋಡಿದವರಿಗೆ ಗೆದ್ದಿದ್ದೀವಿ ಅಂದರೆ ಹೇಗೆ? ಅವರು ಅತ್ತಾಗ ನಾವೂ ಅತ್ತಿದ್ದೆವು. ಅದಕ್ಕೆ ಸಿಗಬೇಕಾದ ಮಾತು ಇದಲ್ಲ.

ನವೆಂಬರ್‌ನಲ್ಲಿ ಲೋಕಸಭೆಗೆ ಒಂದು ಲಿಖಿತ ಉತ್ತರ ಬಂತು. 30 ಕಿಲೋಮೀಟರ್ ಎತ್ತರದಿಂದ 7.4 ಕಿಲೋಮೀಟರ್‌ವರೆಗೆ ಇಳಿತ ಸರಿಯಿತ್ತು. ವೇಗ ಸೆಕೆಂಡಿಗೆ 1,683 ಮೀಟರ್‌ನಿಂದ 146 ಮೀಟರ್‌ಗೆ ಇಳಿದಿತ್ತು. ಎರಡನೇ ಹಂತದಲ್ಲಿ ವೇಗ ಲೆಕ್ಕಕ್ಕಿಂತ ಜಾಸ್ತಿ ತಗ್ಗಿತು, ಅದರಿಂದ ಮುಂದಿನ ಹಂತಕ್ಕೆ ಬರುವಾಗ ನೌಕೆ ಇರಬೇಕಾದ ಸ್ಥಿತಿಯಲ್ಲಿ ಇರಲಿಲ್ಲ, ಗೊತ್ತುಮಾಡಿದ ಜಾಗದಿಂದ 500 ಮೀಟರ್ ಒಳಗೆ ಜೋರಾಗಿ ಬಿತ್ತು. ಉತ್ತರ ಇದ್ದಿದ್ದು ಇಷ್ಟೇ. ಆದರೂ ಇದು ಸಂಸತ್ತಿನಲ್ಲಿ, ದುಡ್ಡು ಮಂಜೂರು ಮಾಡುವವರ ಮುಂದೆ, ಅಂಕಿ ಸಮೇತ ಬಂದ ಉತ್ತರ. ನನಗೆ ಅದರ ಮೇಲೆ ಗೌರವ ಇದೆ.

ಡಿಸೆಂಬರ್ ಮೊದಲ ವಾರ ಅಮೆರಿಕದ ನಾಸಾ ವಿಕ್ರಮ್ ಬಿದ್ದ ಜಾಗದ ಚಿತ್ರ ಹೊರಗೆ ಬಿಟ್ಟಿತು. ಚೂರುಗಳನ್ನು ಮೊದಲು ಗುರುತಿಸಿದ್ದು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅಂತ ಅವರ ಹೆಸರು ಹಾಕಿತು. ನಾಸಾ ಎಲ್ಲರಿಗೂ ಬಿಟ್ಟಿದ್ದ ಚಿತ್ರಗಳನ್ನು ಅವರು ತಮ್ಮ ಬಿಡುವಿನ ಹೊತ್ತಿನಲ್ಲಿ, ಬೀಳುವ ಮುಂಚಿನದು ಬಿದ್ದ ಮೇಲಿನದು ಅಂತ ಅಕ್ಕಪಕ್ಕ ಇಟ್ಟುಕೊಂಡು, ಚುಕ್ಕಿ ಚುಕ್ಕಿ ಹೋಲಿಸಿದ್ದರು. ಒಂದು ಬಿಳಿ ಚುಕ್ಕಿ ಹೊಸದಾಗಿ ಕಂಡಿತು, ಬರೆದು ತಿಳಿಸಿದರು. ನಮ್ಮ ಆರ್ಬಿಟರ್ ಮೊದಲೇ ಜಾಗ ಕಂಡುಹಿಡಿದಿತ್ತು ಅಂತ ಶಿವನ್ ಹೇಳಿದರು. ಇರಬಹುದು. ಆದರೆ ಯಾರ ದುಡ್ಡಿನಲ್ಲಿ ವಿಕ್ರಮ್ ಹೋಯಿತೋ ಅವರಲ್ಲೊಬ್ಬ, ಯಾವ ಸಂಬಳವೂ ಇಲ್ಲದೆ, ರಾತ್ರಿ ಕೂತು ಅದನ್ನು ಹುಡುಕಿದ. ಜನರ ಬೆಂಬಲ ಅಂದಾಗ ನನಗೆ ಕಣ್ಣಿಗೆ ಬರುವುದು ಈ ಮನುಷ್ಯ. ಅವರಿಗೆ ಹುಡುಕೋಕೆ ಚಿತ್ರ ಸಿಕ್ಕಿದ್ದು ಬೇರೆ ದೇಶದ ಸಂಸ್ಥೆಯಿಂದ ಅನ್ನೋದು ಮಾತ್ರ ನನಗೆ ಇವತ್ತಿಗೂ ನೋವು.

ಏನು ತಪ್ಪಾಯಿತು ಅಂತ ಎಲ್ಲರಿಗೂ ಅರ್ಥ ಆಗುವ ಹಾಗೆ ಹೇಳಿದ್ದು 2023ರ ಜುಲೈನಲ್ಲಿ. ಚಂದ್ರಯಾನ-3 ಹಾರೋಕೆ ಕೆಲವೇ ದಿನ ಇತ್ತು. ಆಗ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಿಡಿಸಿ ಹೇಳಿದರು. ಐದು ಎಂಜಿನ್‌ಗಳು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಬಲ ಕೊಟ್ಟವು. ಚಿಕ್ಕ ಚಿಕ್ಕ ತಪ್ಪುಗಳು ಒಂದರ ಮೇಲೊಂದು ಸೇರಿಕೊಂಡವು. ಸರಿಮಾಡಿಕೊಳ್ಳೋಕೆ ನೌಕೆ ಬೇಗ ತಿರುಗಬೇಕಾಯಿತು, ಆದರೆ ಅಷ್ಟು ಬೇಗ ತಿರುಗೋಕೆ ಸಾಫ್ಟ್‌ವೇರ್ ಬಿಡಲಿಲ್ಲ. ಇಳಿಯೋಕೆ ಕೊಟ್ಟಿದ್ದ ಜಾಗವೋ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ತಲುಪಬೇಕು ಅಂತ ಅದು ನೆಲದ ಹತ್ತಿರ ಬಂದರೂ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಯಿತು.

ಎಷ್ಟು ಚೆನ್ನಾಗಿ ಅರ್ಥ ಆಗುತ್ತದೆ ನೋಡಿ. ದರ್ಶಿನಿಯ ಆ ಟೂಲ್‌ರೂಮಿನವರಿಗೆ ಇದನ್ನು ಹೇಳಿದ್ದರೆ ಒಂದೇ ಸಲಕ್ಕೆ ಹಿಡಿಯುತ್ತಿದ್ದರು. ಇದನ್ನು ಹೇಳೋಕೆ ಮೂರು ವರ್ಷ ಹತ್ತು ತಿಂಗಳು ಯಾಕೆ ಬೇಕಾಯಿತು? ತನಿಖಾ ಸಮಿತಿಯ ಪೂರ್ತಿ ವರದಿಯಂತೂ ಜನರ ಕೈಗೆ ಬರಲೇ ಇಲ್ಲ.

75 ಕೋಟಿಯ ಬೇಡಿಕೆ

ಈಗ ಅತ್ತೆಯ ಎರಡನೇ ಪ್ರಶ್ನೆ.

2019ರ ಕೊನೆಯಲ್ಲಿ ಇಸ್ರೋ ಪೂರಕ ಅಂದಾಜಿನಲ್ಲಿ, ಅಂದರೆ ಬಜೆಟ್ ಆದ ಮೇಲೆ ಕೇಳುವ ಹೆಚ್ಚುವರಿ ದುಡ್ಡಿನ ಪಟ್ಟಿಯಲ್ಲಿ, ಚಂದ್ರಯಾನ-3ಕ್ಕೆ ಅಂತ 75 ಕೋಟಿ ಕೇಳಿತು. 60 ಕೋಟಿ ಯಂತ್ರ, ಉಪಕರಣಕ್ಕೆ. 15 ಕೋಟಿ ಇತರ ಖರ್ಚಿಗೆ. 2020ರ ಜನವರಿ 1ರಂದು ಶಿವನ್, ಸರ್ಕಾರ ಚಂದ್ರಯಾನ-3ಕ್ಕೆ ಒಪ್ಪಿದೆ ಎಂದರು. ಲ್ಯಾಂಡರ್, ರೋವರ್, ಅವನ್ನು ಚಂದ್ರನವರೆಗೆ ಒಯ್ಯುವ ಭಾಗ ಸೇರಿ 250 ಕೋಟಿ. ರಾಕೆಟ್ಟಿಗೆ 365 ಕೋಟಿ. ಒಟ್ಟು 615.

ಬೇಗ ಸಿಕ್ಕಿದ್ದು ಯಾಕೆ? ರಾಜಕೀಯ ಕಾರಣ ಇತ್ತು. ಪ್ರಧಾನಿಯೇ ಎದುರಿಗೆ ಕೂತು ನೋಡಿದ ಯೋಜನೆಯನ್ನು ಅರ್ಧಕ್ಕೆ ಬಿಡುವುದು ಯಾವ ಸರ್ಕಾರಕ್ಕೂ ಕಷ್ಟ. ಆದರೆ ನನಗೆ ದೊಡ್ಡದಾಗಿ ಕಾಣುವುದು ಕೇಳಿದ ರೀತಿ. ಇಸ್ರೋ ಮೊದಲಿನಿಂದ ಶುರು ಮಾಡುತ್ತೇವೆ ಅನ್ನಲಿಲ್ಲ. ಮೇಲೆ ಸುತ್ತುತ್ತಿರುವ ಆರ್ಬಿಟರನ್ನೇ ಬಳಸಿಕೊಳ್ಳುತ್ತೇವೆ, ಹೊಸದು ಬೇಡ ಎಂದಿತು. ಇಳಿಯುವ ಭಾಗ ಒಂದನ್ನೇ ಇನ್ನೊಂದು ಸಲ ಮಾಡಿಕೊಡಿ ಎಂದಿತು. ಮನೆ ಕಟ್ಟುವಾಗ ಮೋಲ್ಡಿಂಗ್ ಬಿದ್ದರೆ ಪಾಯ ಗಟ್ಟಿಯಿದೆ, ಮೋಲ್ಡಿಂಗ್‌ಗೆ ಮಾತ್ರ ಕೊಡಿ ಅಂತ ಕೇಳಿದ ಹಾಗೆ. ಅಷ್ಟು ಕೊಡೋಕೆ ಯಾರ ಮನಸ್ಸಾದರೂ ಒಪ್ಪುತ್ತದೆ.

ಇದಕ್ಕೆ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಪ್ರಕರಣ ಇಸ್ರೇಲಿನದು. ಅದೇ 2019ರ ಏಪ್ರಿಲ್ 11ರಂದು ಬೆರೆಶೀಟ್ ಅನ್ನುವ ಅವರ ನೌಕೆಯೂ ಚಂದ್ರನ ಮೇಲೆ ಬಿದ್ದು ಒಡೆಯಿತು. ಅದರ ದುಡ್ಡು ಬಹುಪಾಲು ಸಿರಿವಂತರ ದೇಣಿಗೆ. ಎರಡನೇ ಬೆರೆಶೀಟ್ ಮಾಡುತ್ತೇವೆ ಅಂತ ಅವರೂ ಹೊರಟರು. 2023ರಲ್ಲಿ ದೊಡ್ಡ ದಾನಿಗಳು ಹಿಂದೆ ಸರಿದರು. ಜನ ಅಲ್ಲೂ ಅತ್ತಿದ್ದರು, ಅಲ್ಲೂ ಮಕ್ಕಳು ಕಾದಿದ್ದರು. ಆದರೆ ದುಡ್ಡು ಕೆಲವೇ ಮನೆಗಳ ಕೈಯಲ್ಲಿತ್ತು. ನಮ್ಮದು ಬೊಕ್ಕಸದ ದುಡ್ಡು. ತಲೆಗೆ ನಾಲ್ಕೂವರೆ ರೂಪಾಯಿಯಂತೆ 140 ಕೋಟಿ ಜನ ಹಾಕಿದ್ದು. ಅದರಲ್ಲಿ ಒಬ್ಬ ದಾನಿ ಹಿಂದೆ ಸರಿದ ಅನ್ನುವ ಮಾತೇ ಬರುವುದಿಲ್ಲ.

ಹಾಗಂತ ದುಡ್ಡು ಹೊಳೆಯಾಗಿ ಹರಿಯಿತು ಅಂದುಕೊಳ್ಳಬಾರದು. 2020-21ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ 13,479 ಕೋಟಿ ಇಟ್ಟಿದ್ದರು. ಕೊರೊನಾ ಬಂತು. ಪರಿಷ್ಕೃತ ಅಂದಾಜಿನಲ್ಲಿ ಅದು 9,500 ಕೋಟಿಗೆ ಇಳಿಯಿತು. ಕೇಂದ್ರಗಳು ಮುಚ್ಚಿದವು, ಸಾಮಾನು ಮಾಡಿಕೊಡುವ ಸಣ್ಣ ಕಾರ್ಖಾನೆಗಳೂ ಮುಚ್ಚಿದವು. ಚಂದ್ರಯಾನ-3 ವರ್ಷಗಟ್ಟಲೆ ಹಿಂದೆ ಬಿತ್ತು.

ಉಳ್ಳಾರ್ತಿ ಕಾವಲು

615 ಕೋಟಿಯಲ್ಲಿ ಕಾಣದ ಒಂದು ಖರ್ಚು ಇದೆ. ಅದು ನಮ್ಮತ್ತೆಯ ಊರಿನ ಕಡೆಯದು.

ಲ್ಯಾಂಡರ್ ಇಳಿಯುವಾಗ ಕೆಳಗಿನ ಹಳ್ಳ ದಿಣ್ಣೆ ಗುರುತಿಸಬೇಕು. ಆ ಕ್ಯಾಮೆರಾ, ಸೆನ್ಸರ್‌ಗಳನ್ನು ಭೂಮಿಯ ಮೇಲೆ ಪರೀಕ್ಷೆ ಮಾಡಬೇಕಾದರೆ ಚಂದ್ರನ ಹಾಗಿರುವ ನೆಲ ಬೇಕು. ಅದಕ್ಕೆ ಇಸ್ರೋ ಆರಿಸಿದ್ದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲು. ಚಂದ್ರಯಾನ-2ರ ಹೊತ್ತಿಗೂ ಅಲ್ಲಿ ಗುಂಡಿ ತೋಡಿದ್ದರು. ಚಂದ್ರಯಾನ-3ಕ್ಕೆ ಅಂತ 2020ರಲ್ಲಿ ಮತ್ತೆ ಟೆಂಡರ್ ಕರೆದರು. ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳದ ಗುಂಡಿಗಳು. ಅಂದಾಜು 24.2 ಲಕ್ಷ ರೂಪಾಯಿ. ನಮ್ಮ ಕಡೆ ಒಂದು ಒಳ್ಳೆಯ ಸೈಟು ಕೊಳ್ಳೋಕೂ ಸಾಲದ ದುಡ್ಡಿನಲ್ಲಿ ಚಂದ್ರ ತಯಾರಾದ. ಚಳ್ಳಕೆರೆ ಕಡೆಯೇ ಹೆಲಿಕಾಪ್ಟರಿಗೆ ಸೆನ್ಸರ್‌ಗಳನ್ನು ಕಟ್ಟಿ ಮೇಲೆ ಕೆಳಗೆ ಹಾರಿಸಿ ನೋಡಿದರು.

ಈ ಕಾವಲು ಯಾರದು? ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ, ಆಡು, ದನ ಮೇಯುತ್ತಿದ್ದುದು ಇಲ್ಲೇ. ಚಳ್ಳಕೆರೆಯ ಕಂಬಳಿ ಹೆಸರುವಾಸಿ, ಆ ಉಣ್ಣೆಯ ಕುರಿ ಬೆಳೆದಿದ್ದು ಇಂಥ ಕಾವಲುಗಳಲ್ಲಿ. 2007ರಿಂದ ಈಚೆಗೆ ಇಲ್ಲಿನ ಸುಮಾರು 10 ಸಾವಿರ ಎಕರೆ ಕಾವಲನ್ನು ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮುಂತಾದವಕ್ಕೆ ಕೊಟ್ಟರು. ಅದರಲ್ಲಿ ಇಸ್ರೋ ಪಾಲು ಐನೂರಕ್ಕೂ ಜಾಸ್ತಿ ಎಕರೆ. ಹಳ್ಳಿಯವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಗೋಡೆಗಳು ಎದ್ದವು.

ನಮ್ಮತ್ತೆಯ ಗಂಡನ ಮನೆಯವರು ಕುರಿ ಸಾಕಿದವರು. ಒಂದು ಸಲ ಅವರ ಜೊತೆ ಆ ಕಡೆ ಹೋಗಿದ್ದೆ. ಗೋಡೆ ಉದ್ದಕ್ಕೂ ರಸ್ತೆ. ಬಿಸಿಲಿಗೆ ಹುಲ್ಲು ಹಳದಿ ತಿರುಗಿತ್ತು. ಗೋಡೆಯ ಈ ಕಡೆ ಹುಲ್ಲು ಬುಡದವರೆಗೆ ಮೇಯ್ದು ನೆಲ ಕಾಣುತ್ತಿತ್ತು. ಒಬ್ಬ ಮುದುಕ ಇಪ್ಪತ್ತು ಮೂವತ್ತು ಕುರಿ ಹೊಡೆದುಕೊಂಡು ಬರುತ್ತಿದ್ದ, ಹೆಗಲ ಮೇಲೆ ಕರಿ ಕಂಬಳಿ. ಅತ್ತೆಗೆ ಗುರುತಿನವರು. "ಮೊದ್ಲು ಎಷ್ಟಿದ್ವು ಮಾವ?" ಅಂತ ಅತ್ತೆ ಕೇಳಿದರು. "ಇನ್ನೂರರ ಮೇಲಿದ್ವು ತಾಯಿ. ಮೇಸಾಕೆ ಎಲ್ಲಿಗೆ ಹೊಡ್ಕಂಡು ಹೋಗ್ಲಿ?" ಅಂದ. ಆಮೇಲೆ ಅವನೇ, "ಚಂದ್ರನ್ನ ಇಲ್ಲೇ ಮಾಡ್ಯಾರಂತಲ್ಲ" ಅಂತ ಗೋಡೆ ಕಡೆ ಕೈ ತೋರಿಸಿದ. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸ್ವಲ್ಪ ಹೆಮ್ಮೆಯೇ ಇತ್ತು ಅಂತ ನನಗೆ ಅನಿಸಿತು. ಅದಕ್ಕೇ ಕರುಳು ಚುರ್ ಅಂದಿತು.

ಬಾಹ್ಯಾಕಾಶಕ್ಕೆ ಜನ ಎಷ್ಟು ಕೊಡುತ್ತಾರೆ ಅಂತ ತಲೆಗೆ ಇಷ್ಟು ರೂಪಾಯಿ ಅಂತ ಹಂಚಿ ಹೇಳುವುದು ನಮಗೆಲ್ಲ ರೂಢಿ. ನಾನೂ ಮಾಡಿದೆ. ಆದರೆ ಎಲ್ಲ ತಲೆಯ ಮೇಲೂ ಒಂದೇ ಭಾರ ಬೀಳುವುದಿಲ್ಲ. ನಾನು ಕೊಟ್ಟಿದ್ದು ನಾಲ್ಕೂವರೆ ರೂಪಾಯಿ, ಆ ಮುದುಕನ ಊರಿನವರು ಕೊಟ್ಟಿದ್ದು ಕುರಿ ಮೇಯುವ ನೆಲ. ಕಾವಲಿನಲ್ಲಿ ಇಸ್ರೋ ಪಾಲು ಚಿಕ್ಕದು, ದೊಡ್ಡ ಪಾಲು ಬೇರೆಯವರದು ಅನ್ನೋದು ನಿಜ. ಆದರೂ ಚಂದ್ರಯಾನದ ಖರ್ಚಿನ ಪಟ್ಟಿ ಬರೆಯುವಾಗ ಈ ಸಾಲು ಬಿಟ್ಟುಹೋಗಬಾರದು.

ಗೆದ್ದ ಮೇಲೆ

ಈ ಸಲ ಇಸ್ರೋ ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವ ಹಾಗೆ ವಿನ್ಯಾಸ ಮಾಡಿತು. ಎಂಜಿನ್ ಐದರ ಬದಲು ನಾಲ್ಕು. ಕಾಲು ಗಟ್ಟಿ. ಇಂಧನ ಜಾಸ್ತಿ. ಸೌರಫಲಕ ಜಾಸ್ತಿ. ವೇಗ ಅಳೆಯೋಕೆ ಹೊಸದೊಂದು ಲೇಸರ್ ಉಪಕರಣ. ಇಳಿಯುವ ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲ. ಆ ಜಾಗ ಆರಿಸೋಕೆ ಸಹಾಯಕ್ಕೆ ಬಂದಿದ್ದು 2019ರಿಂದ ಮೇಲೆ ಸುತ್ತುತ್ತಿದ್ದ ಅದೇ ಹಳೆ ಆರ್ಬಿಟರ್ ತೆಗೆದ ಚಿತ್ರಗಳು. ಹೋಯಿತು ಅಂದುಕೊಂಡ ದುಡ್ಡು ಹೀಗೆ ಕೆಲಸಕ್ಕೆ ಬಂತು.

2023ರ ಜುಲೈ 14ಕ್ಕೆ ಹಾರಿತು. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಇಸ್ರೋ ಯೂಟ್ಯೂಬ್ ಚಾನೆಲ್ ಒಂದರಲ್ಲೇ ಒಂದೇ ಹೊತ್ತಿಗೆ 80 ಲಕ್ಷಕ್ಕೂ ಜಾಸ್ತಿ ಜನ ನೋಡುತ್ತಿದ್ದರು. ಕೆಲವೇ ದಿನ ಮುಂಚೆ ರಷ್ಯಾದ ಲೂನಾ-25 ಚಂದ್ರನಿಗೆ ಅಪ್ಪಳಿಸಿತ್ತು, ಹಾಗಾಗಿ ಎಲ್ಲರಿಗೂ ಒಳಗೊಳಗೇ ಭಯ. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ನಾನು ಅತ್ತೆಗೆ ಫೋನ್ ಮಾಡಿದೆ. "ನೋಡ್ದೆ ನೋಡ್ದೆ, ಈಗ ಎರಡೂ ಕಣ್ಣು ಕಾಣ್ತವೆ" ಅಂದರು.

ಇಷ್ಟೊಂದು ಸಂಭ್ರಮ ಆದ ಮೇಲೆ ಬಜೆಟ್ ಏನಾಯಿತು? ಇಳಿದ ವರ್ಷ, 2023-24ರಲ್ಲಿ, ಬಾಹ್ಯಾಕಾಶ ಇಲಾಖೆಗೆ ಇಟ್ಟಿದ್ದು 12,544 ಕೋಟಿ. ಕೇಂದ್ರ ಬಜೆಟ್ಟಿನ ನೂರು ರೂಪಾಯಿಯಲ್ಲಿ 28 ಪೈಸೆ. ಮುಂದಿನ ವರ್ಷ 13,043 ಕೋಟಿ. ಏರಿದ್ದು ಶೇಕಡಾ 4. ಅಂದರೆ 2020-21ಕ್ಕೆ ಮೊದಲು ಇಟ್ಟಿದ್ದ ಮೊತ್ತಕ್ಕಿಂತ ಕಡಿಮೆಯೇ. ಅಮೆರಿಕದಲ್ಲೂ ಹೀಗೆ ಆಗಿತ್ತು. 1966ರ ಹೊತ್ತಿಗೆ ಅವರ ಬಜೆಟ್ಟಿನ ನೂರರಲ್ಲಿ ನಾಲ್ಕು ಡಾಲರಿಗೂ ಜಾಸ್ತಿ ನಾಸಾಗೆ ಹೋಗುತ್ತಿತ್ತು. ಚಂದ್ರನ ಮೇಲೆ ಕಾಲಿಟ್ಟ ಮೇಲೆ ಅಪೊಲೊ 18, 19, 20ನ್ನು ರದ್ದು ಮಾಡಿದರು. ಗೆದ್ದ ಮೇಲೆ ದುಡ್ಡು ತಾನಾಗಿ ಬರುವುದಿಲ್ಲ. ಪಟಾಕಿ ಹೊಡೆದವರು ಮಾರನೇ ದಿನ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ದರ್ಶಿನಿಯಲ್ಲಿ ರಸ್ತೆ ಇಲ್ಲ ಅಂದವರ ಮಾತಿಗೆ ಈಗ ಬರುತ್ತೇನೆ. 615 ಕೋಟಿ ರಸ್ತೆಗೆ ಹಾಕಿದ್ದರೆ ಬೆಂಗಳೂರಿನ ಒಂದು ಮೇಲ್ಸೇತುವೆಗೂ ಸಾಲದೇ ಹೋಗಬಹುದು, ಅದು ಬೇರೆ ಮಾತು. ಅವರು ಕೇಳಿದ್ದು ಮೊತ್ತದ ಬಗ್ಗೆ ಅಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಅಷ್ಟು ದೂರದ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುವವರು ಇದ್ದಾರೆ, ನಮ್ಮ ಮನೆ ಮುಂದಿನ ಕೆಲಸವನ್ನು ಹಾಗೆ ಮಾಡುವವರು ಯಾಕಿಲ್ಲ ಅನ್ನೋದು ಅವರ ಸಂಕಟ. ಸೋತಾಗ ಏನು ತಪ್ಪಾಯಿತು ಅಂತ ಹುಡುಕಿ, ತಿದ್ದಿ, ಇನ್ನೊಂದು ಸಲ ಮಾಡುವ ಗುಣ ರಸ್ತೆಯ ಟೆಂಡರಿಗೂ ಬರಬೇಕು. ಅದಕ್ಕೆ ಚಂದ್ರನ ದುಡ್ಡು ಕಿತ್ತುಕೊಳ್ಳಬೇಕಿಲ್ಲ.

2024ರ ಸೆಪ್ಟೆಂಬರ್ 18ರಂದು ಸಂಪುಟ ಚಂದ್ರಯಾನ-4ಕ್ಕೆ ಒಪ್ಪಿತು. ಚಂದ್ರಯಾನ-2ಕ್ಕೆ ಒಪ್ಪಿದ್ದೂ ಇದೇ ದಿನ, ಹದಿನಾರು ವರ್ಷದ ಹಿಂದೆ. ಈ ಸಲ 2,104 ಕೋಟಿ. ಚಂದ್ರನ ಮೇಲಿನ ಮಣ್ಣು, ಕಲ್ಲು ತರುವ ಕೆಲಸ. ಎರಡು ರಾಕೆಟ್ಟು ಹಾರಬೇಕು, ಮೇಲೆ ಹೋಗಿ ಒಂದಕ್ಕೊಂದು ಸೇರಬೇಕು, ಇಳಿಯಬೇಕು, ಮತ್ತೆ ಅಲ್ಲಿಂದ ಏಳಬೇಕು, ವಾಪಸ್ ಬರಬೇಕು. ಕೆಡೋಕೆ ಹಿಂದಿನದಕ್ಕಿಂತ ಎಷ್ಟೋ ಜಾಸ್ತಿ ಜಾಗ ಇರುವ ಯೋಜನೆ. ಅದೇ ದಿನ ಶುಕ್ರನ ಸುತ್ತ ಸುತ್ತುವ ನೌಕೆಗೆ 1,236 ಕೋಟಿ ಕೊಟ್ಟರು. ಗಗನಯಾನದ ಮೊತ್ತವನ್ನು 20,193 ಕೋಟಿಗೆ ಏರಿಸಿದರು, ಅದರಲ್ಲಿ ಮನುಷ್ಯರೇ ಕೂತು ಹೋಗುತ್ತಾರೆ.

ದೀಪಾವಳಿಗೆ ಚಳ್ಳಕೆರೆಗೆ ಹೋದಾಗ ಅತ್ತೆಗೆ ಇದೆಲ್ಲ ಹೇಳಿದೆ. ಒಲೆ ಮುಂದೆ ಕೂತು ಹೋಳಿಗೆ ತಟ್ಟುತ್ತಿದ್ದರು. ಕಲ್ಲು ತರ್ತಾರೆ ಅಂದಿದ್ದಕ್ಕೆ ನಕ್ಕರು. ಎಷ್ಟು ದುಡ್ಡು ಅಂತ ಈ ಸಲ ಕೇಳಲಿಲ್ಲ. ಹೋಳಿಗೆ ತಿರುವಿ ಹಾಕಿ, "ಏನಾರ ಹೆಚ್ಚುಕಮ್ಮಿ ಆದ್ರೆ ಯಾಕಾತು ಅಂತ ಅವತ್ತೇ ಹೇಳ್ತಾರಾ?" ಅಂದರು.